ಹೌದ ಖಾಲಿ

ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಮನೆಯಲ್ಲಿ ಖಟ್ಲೆ ಸಿಗುವುದು ಬಹಳ ಕಷ್ಟ. ಹಾಲಿನವನು ತಡವಾಗಿ ಬಂದದ್ದು, ಬೆಕ್ಕು ತುಪ್ಪದ ಗಡಿಗೆಗೆ ಬಾಯಿ ಹಾಕಿದ್ದು, ಇಂಥವೆಲ್ಲ ಅಡುಗೆಮನೆಯ ಪೀಠದ ಮುಂದೆ ಅಲ್ಲಿಂದಲ್ಲಿಗೇ ಇತ್ಯರ್ಥವಾಗುತ್ತಿದ್ದವು. ಅಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ. ನನ್ನವರೆಗೆ ಏನೂ ಬರುತ್ತಿರಲಿಲ್ಲ. ಹೀಗಿರುವಾಗ ಆರಿದ್ರಾ ಮಳೆ ಹಿಡಿದು ಎಂಟು ದಿನವಾಗಿದ್ದ ಒಂದು ಬೆಳಿಗ್ಗೆ ನನ್ನ ಹೆಂಡತಿ ಸಾಮಾನಿನ ಖೋಲಿಯಿಂದ ಕೂಗಿದ್ದು ನನಗೆ ಸಮನ್ಸ್ ಬಂದಂತೆಯೇ ಆಯಿತು.

"ಏನ್ರಿ, ಇಲ್ಲಿ ಬರ್ರಿ. ಗ್ವಾಡಿ ಹಸಿ ಹಿಡದೈತಿ."

ಹೋಗಿ ನೋಡಿದೆ. ಖೋಲಿಯ ಪೂರ್ವದ ಗೋಡೆಯ ಮೇಲೆ, ನೆಲದಿಂದ ಒಂದು ಗೇಣು ಎತ್ತರದವರೆಗೆ, ಬೂದು ಬಣ್ಣದ ಕಲೆಯೊಂದು ಯಾರ ಅಪ್ಪಣೆಯನ್ನೂ ಕೇಳದೆ ಕುಳಿತಿತ್ತು. ಅದರ ಪಕ್ಕದಲ್ಲೇ ಹಪ್ಪಳದ ಡಬ್ಬಿ, ಶ್ಯಾವಿಗೆಯ ಡಬ್ಬಿ, ಜೋಳದ ದೊಡ್ಡ ಪೀಪಾಯಿ. ಹಪ್ಪಳ ಆಗಲೇ ಮೆತ್ತಗಾಗಿದ್ದವು. ಒಂದನ್ನು ಮುರಿಯಲು ನೋಡಿದೆ. ಅದು ಮುರಿಯಲಿಲ್ಲ, ಬಾಗಿತು.

ನಾನು ಪೆನ್ಸಿಲ್ ತಂದು ಕಲೆಯ ಸುತ್ತ ಗೆರೆ ಎಳೆದು ತಾರೀಖು ಹಾಕಿದೆ. ಮರುದಿನ ಕಲೆ ಗೆರೆ ದಾಟಿ ನಾಲ್ಕು ಬೆರಳು ಮುಂದೆ ಬಂದಿತ್ತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಒಂದು ವಾರದಲ್ಲಿ ಗೋಡೆ ಭೂಮಾಪನ ಇಲಾಖೆಯ ನಕಾಶೆಯ ಹಾಗೆ ಕಾಣತೊಡಗಿತು.

"ಸುಣ್ಣ ಹಚ್ಚೂದು ಬಿಟ್ಟು ಚಿತ್ರಾ ತಗೀಲಿಕ್ಕೆ ಹತ್ತೀರಲ್ಲ," ಎಂದಳು ಹೆಂಡತಿ.

"ಇದು ಚಿತ್ರ ಅಲ್ಲ. ಪಂಚನಾಮೆ."

"ಹಂಗಾದ್ರ ನಿಮ್ಮ ಪಂಚನಾಮಿ ಮುಗಿಯೂದ್ರಾಗ ನನ್ನ ಹಪ್ಪಳಕ್ಕ ಬೂಷ್ಟು ಹಿಡೀತೈತಿ."

ಈ ಗೋಡೆಯ ವಿಶೇಷವೆಂದರೆ ಅದು ನಮ್ಮದೂ ಹೌದು, ಪಕ್ಕದ ಮನೆಯವರದೂ ಹೌದು. ಶಹಾಪುರದ ಹಳೆಯ ಓಣಿಗಳಲ್ಲಿ ಮನೆಗಳು ಹೀಗೆಯೇ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತವೆ. ಗೋಡೆಯ ಆಚೆ ಇರುವುದು ಅವರ ಬಚ್ಚಲು. ಆಚೆ ಬಚ್ಚಲು, ಈಚೆ ಹಸಿ. ಇಷ್ಟು ಸ್ಪಷ್ಟವಾದ ಪ್ರಕರಣವನ್ನು ನನ್ನ ಸೇವಾವಧಿಯಲ್ಲೇ ಕಂಡಿರಲಿಲ್ಲ.

ಆದರೆ ಆರೋಪಿಯ ಬಗ್ಗೆ ಎರಡು ಮಾತು ಹೇಳಬೇಕು. ಅವರು ಎರಕದ ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ ಮಾಡಿ ನಿವೃತ್ತರಾದವರು, ಮನೆಮಾತು ಮರಾಠಿ, ನನಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ದಾದಾ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಾರೆ. ಅವರ ಹೆಂಡತಿಗೆ ನನ್ನ ಹೆಂಡತಿ ವೈನಿ, ನನ್ನ ಹೆಂಡತಿಗೆ ಅವರ ಹೆಂಡತಿ ವೈನಿ. ಇಬ್ಬರೂ ಒಬ್ಬರಿಗೊಬ್ಬರು ಅತ್ತಿಗೆಯಾಗುವುದು ಯಾವ ಲೆಕ್ಕದಲ್ಲಿ ಎಂದು ನಾವಿಬ್ಬರೂ ಎಂದೂ ಕೇಳಿಲ್ಲ. ನಾವು ಈ ಮನೆ ಕೊಂಡು ಬಂದ ಮೊದಲ ದಿನದಿಂದ, ಹನ್ನೊಂದು ವರ್ಷ, ಪ್ರತಿದಿನ ಬೆಳಿಗ್ಗೆ ಇಬ್ಬರೂ ಮುಂದಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದಿದ್ದೇವೆ. ಒಂದು ದಿನ ಅವರ ಮನೆಯ ಚಹಾ, ಮರುದಿನ ನಮ್ಮ ಮನೆಯದು. ಅವರು ಮರಾಠಿ ಪೇಪರ್ ಓದಿ ಹೇಳುತ್ತಾರೆ, ನಾನು ಕನ್ನಡ ಪೇಪರ್ ಓದಿ ಹೇಳುತ್ತೇನೆ. ಒಂದೇ ಸುದ್ದಿ ಎರಡರಲ್ಲೂ ಬೇರೆ ಬೇರೆಯಾಗಿದ್ದರೆ ಇಬ್ಬರೂ ಸೇರಿ ಎರಡನ್ನೂ ನಂಬುವುದಿಲ್ಲ. ನಿವೃತ್ತನ ದಿನದಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ನನ್ನ ಬಳಿ ಇರಲಿಲ್ಲ.

ಆ ಆಸ್ತಿಗೆ ನಾನೇ ಬೆಂಕಿ ಇಟ್ಟೆ. ಕಟ್ಟೆಯ ಮೇಲೆ ಕುಳಿತು, "ದಾದಾ, ನಿಮ್ಮ ಬಚ್ಚಲದಾಗ ಎಲ್ಲೋ ಸೋರತೈತಿ ಅನಸ್ತದ, ಸ್ವಲ್ಪ ನೋಡ್ರಿ," ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ಕೈಯಲ್ಲಿ ಕುಳಿತಿರುತ್ತದೆ. ನಾನು ಒಂದು ಪತ್ರ ಬರೆದೆ. "ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗಿ, ಏಳು ಕಲಮುಗಳಲ್ಲಿ ಗೋಡೆಯ ಸ್ಥಿತಿ ವಿವರಿಸಿ, "ಹದಿನೈದು ದಿನಗಳೊಳಗಾಗಿ" ಎಂದು ಮುಗಿಯುವ ಪತ್ರ. ಅದನ್ನು ಲಕೋಟೆಯಲ್ಲಿ ಹಾಕಿ ಅವರ ಬಾಗಿಲ ಕೆಳಗೆ ಸರಿಸಿ ಬಂದೆ.

ಅರ್ಧ ತಾಸಿನಲ್ಲಿ ಆರೋಪಿ ಲಕೋಟೆ ಸಮೇತ ಹಾಜರಾದರು.

"ಸಾಹೇಬ್ರ, ಇದು ನೀವ ಬರದಿದ್ದು?"

"ಹೌದು."

"ಸಹಿ ಸುದ್ದಾ ಮಾಡೀರಿ."

"ಸಹಿ ಇಲ್ಲದ ಕಾಗದಕ್ಕ ಕಿಮ್ಮತ್ತಿಲ್ಲ ದಾದಾ."

ಅವರು ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡರು. "ಕಾಯಿಸಿದ ಕಬ್ಬಿಣಾ ನೀರಿನಂಗ ಹರೀತೈತಿ. ಅದನ್ನ ಅಚ್ಚಿನ್ಯಾಗ ಹಿಡದ ಮನಿಶ್ಯಾ ನಾನು. ನನ್ನ ಬಚ್ಚಲದಾಗಿಂದ ಒಂದ ತಂಬಿಗಿ ನೀರು ನಿಮ್ಮ ಮನಿಗೆ ಬರತೈತಿ ಅಂತೀರಿ? ಆತು. ತೋರಸ್ತೇನಿ."

ಮರುದಿನ ಅವರ ಬಚ್ಚಲಿನಿಂದ ಸುತ್ತಿಗೆಯ ಸದ್ದು ಕೇಳಿತು. ತಾವೇ ಕುಳಿತು ನೆಲದ ಫರಸಿ, ಗೋಡೆಯ ಟೈಲ್ಸು ಎಲ್ಲವನ್ನೂ ಕಿತ್ತು ಹಾಕಿ, ಪೈಪುಗಳನ್ನು ಬಯಲು ಮಾಡಿ, ನನ್ನನ್ನು ಕರೆದರು. ಹೋಗಿ ಬಗ್ಗಿ ನೋಡಿದೆ. ಪೈಪಿನ ಕೆಳಗಿನ ಮಣ್ಣು ನಮ್ಮ ಹಪ್ಪಳಕ್ಕಿಂತ ಗರಿಗರಿಯಾಗಿತ್ತು.

"ಮುಟ್ಟಿ ನೋಡ್ರಿ," ಎಂದರು. ಮುಟ್ಟಿದೆ. "ಬರಕೋರಿ," ಎಂದರು.

"ಒಳಗ ಎಲ್ಲೋ ಇರಬಹುದು," ಎಂದು ಗೊಣಗಿದೆ. ಅದೇ ನಾನು ಮಾಡಿದ ಎರಡನೆಯ ತಪ್ಪು. ಅಂದಿನಿಂದ ಚಹಾ ನಿಂತಿತು.

ಚಹಾ ನಿಂತದ್ದು ನಮ್ಮಿಬ್ಬರದು ಮಾತ್ರ. ಹಿತ್ತಲ ಬಾಗಿಲಲ್ಲಿ ವೈನಿ ಮತ್ತು ವೈನಿಯ ಚಹಾ ಯಥಾಪ್ರಕಾರ ನಡೆದಿತ್ತು. ಅಲ್ಲಿ ಆದ ತೀರ್ಮಾನದ ಪ್ರಕಾರ, ಕಿತ್ತ ಬಚ್ಚಲು ಸರಿಯಾಗುವವರೆಗೆ ಅವರಿಬ್ಬರೂ ನಮ್ಮ ಮನೆಯಲ್ಲೇ ಸ್ನಾನ ಮಾಡಬೇಕು. ಈ ತೀರ್ಮಾನವನ್ನು ಪಕ್ಷಕಾರರಾದ ನಮಗೆ ಬರೀ ತಿಳಿಸಲಾಯಿತು.

ಹೀಗೆ ದಿನವೂ ಬೆಳಿಗ್ಗೆ ಏಳಕ್ಕೆ ದಾದಾ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ತಮ್ಮದೇ ಬಕೇಟು, ತಮ್ಮದೇ ತಂಬಿಗೆ, ತಮ್ಮದೇ ಸಾಬೂನು ಹಿಡಿದು, ನನ್ನ ಕಡೆ ತಿರುಗಿಯೂ ನೋಡದೆ ಪಡಸಾಲೆ ದಾಟಿ ಹೋಗುತ್ತಿದ್ದರು. ನಾನು ಪೇಪರಿನ ಹಿಂದೆ ಕುಳಿತಿರುತ್ತಿದ್ದೆ. ಸ್ನಾನ ಮುಗಿಸಿ ಬರುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು:

"ವೈನಿ, ಇವತ್ತ ಮೂರು ಬಕೇಟ್ ನೀರು ಸುರಕೊಂಡೇನಿ. ಎಲ್ಲಾ ನಿಮ್ಮ ಬಚ್ಚಲದಾಗ ಹೋಗೇತಿ. ಸಾಹೇಬ್ರಿಗೆ ಹೇಳ್ರಿ, ದಾಖಲೆ ಇರಲಿ."

"ಅವ್ರು ಕೇಳಸ್ಕೊಂಡಾರ್ರಿ," ಎನ್ನುತ್ತಿದ್ದಳು ನನ್ನ ಹೆಂಡತಿ. "ಪೇಪರ್ ತಿರುವಿಲ್ಲ ನೋಡ್ರಿ."

ಅವರ ಬಚ್ಚಲಿಗೆ ಹತ್ತು ದಿನದಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ಗೋಡೆಯ ಕಲೆ ಮಾತ್ರ ದಿನಕ್ಕೆ ನಾಲ್ಕು ಬೆರಳಿನಂತೆ ಮುಂದುವರಿದೇ ಇತ್ತು. ಆರೋಪಿ ನಿರ್ದೋಷಿ ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿರಲಿಲ್ಲ. ಆದರೆ ನಿರ್ದೋಷಿಯ ಮುಂದೆ ಹೋಗಿ ಬರಿಗೈಯಲ್ಲಿ "ತಪ್ಪಾಯಿತು" ಎನ್ನುವುದು ಹೇಗೆ? ನಿಜವಾದ ಆರೋಪಿಯನ್ನು ಹಿಡಿದುಕೊಂಡೇ ಹೋಗಬೇಕು ಎಂದು ಹಟ ಹುಟ್ಟಿತು.

ಮನೆಯ ಕಾಗದಪತ್ರದ ಪೆಟ್ಟಿಗೆ ತೆಗೆದೆ. ಅದರಲ್ಲಿ ಈ ಮನೆ ಕಟ್ಟಿದ ಗೌಂಡಿ ಕೈಯಿಂದ ಬರೆದ ಒಂದು ನಕಾಶೆ ಇತ್ತು. ಹಳೆಯ ಮಾಲೀಕರು ಮನೆ ಮಾರುವಾಗ ಉಳಿದ ಕಾಗದಗಳ ಜೊತೆ ಅದನ್ನೂ ಕೊಟ್ಟಿದ್ದರು. ಹಳದಿ ತಿರುಗಿದ ಕಾಗದ, ಕನ್ನಡ ಅಕ್ಷರ: "ಪಡಸಾಲಿ", "ಅಡಗಿ ಮನಿ", "ದೇವರ ಖೋಲಿ", "ಹಿತ್ತಲ". ಸಾಮಾನಿನ ಖೋಲಿಯ ಚೌಕದೊಳಗೆ, ಹಿತ್ತಲ ಗೆರೆಗೆ ಒತ್ತಿ, "ಹೌದ ಖಾಲಿ" ಎಂದು ಬರೆದಿತ್ತು. ಕೆಳಗೆ ಗೌಂಡಿಯ ಸಹಿ ಮತ್ತು ಊರು, ಖಾನಾಪುರ.

ಹೌದ ಎಂದರೆ ನಮ್ಮ ಕಡೆ ಕಲ್ಲು ಗಾರೆಯಲ್ಲಿ ಕಟ್ಟಿದ ನೀರಿನ ತೊಟ್ಟಿ. ನಮ್ಮ ಹಿತ್ತಲಲ್ಲಿ ಅಂಥದೊಂದು ಇದೆ, ನಿಜ. ಅದು ಖಾಲಿ ಇರುವುದೂ ನಿಜ. ನಾವು ಬಂದಾಗಿನಿಂದ ಅದರಲ್ಲಿ ಇರುವುದು ತೆಂಗಿನ ಸಿಪ್ಪೆ ಮತ್ತು ಚಕ್ರವಿಲ್ಲದ ಒಂದು ಸೈಕಲ್. ಹಿತ್ತಲ ಚೌಕದಲ್ಲಿ ಜಾಗ ಸಾಲದೆ ಅಕ್ಷರಗಳು ಖೋಲಿಯೊಳಗೆ ಬಂದಿವೆ ಎಂದು ಷರಾ ಬರೆದುಕೊಂಡೆ. ದಾಖಲೆಗೂ ವಸ್ತುಸ್ಥಿತಿಗೂ ತಾಳೆಯಾದ ಮೇಲೆ ಶಿರಸ್ತೇದಾರನಿಗೆ ಮುಂದೆ ಯೋಚಿಸುವ ಕಾರಣ ಇರುವುದಿಲ್ಲ. ಹೌದವನ್ನು ಸಂಶಯದ ಪಟ್ಟಿಯಿಂದ ಕೈಬಿಟ್ಟೆ.

ಹೆಂಡತಿ ಭುಜದ ಮೇಲಿಂದ ಇಣುಕಿ ನೋಡಿದಳು. "ಕಾಗದಾ ಎಷ್ಟ ನೋಡ್ತೀರಿ? ಕಟ್ಟಿದಾಂವ ಇದ್ದರ ಅವನ್ನ ಹೋಗಿ ಕೇಳ್ರಿ. ಖಾನಾಪುರ ಏನ್ ಕಾಶಿ ಅಲ್ಲ."

ಹೋದೆ. ಮಳೆಯಲ್ಲಿ ಖಾನಾಪುರದ ಬಸ್ಸು ಒಳಗೂ ಹೊರಗೂ ಒಂದೇ ಪ್ರಮಾಣದಲ್ಲಿ ಒದ್ದೆಯಾಗಿತ್ತು. ಕಂಡಕ್ಟರು ಟಿಕೇಟನ್ನು ಕನ್ನಡದಲ್ಲಿ ಕೊಟ್ಟು ಚಿಲ್ಲರೆಯನ್ನು ಮರಾಠಿಯಲ್ಲಿ ಕೇಳಿದ. ನಾನು ಎರಡಕ್ಕೂ ಸರಿಯಾಗಿ ಉತ್ತರ ಕೊಟ್ಟೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಏಕೆಂದರೆ ಮುಂದೆ ಆದದ್ದನ್ನು ಓದಿದವರು ನನಗೆ ಮರಾಠಿ ಬರುವುದಿಲ್ಲ ಎಂದುಕೊಂಡಾರು.

ಬಸ್ ನಿಲ್ದಾಣದ ಹತ್ತಿರದ ಹೆಂಚಿನ ಅಂಗಡಿಯಲ್ಲಿ ಸಹಿ ತೋರಿಸಿ ಕೇಳಿದೆ. ಅಂಗಡಿಯವನು ಛತ್ರಿಯ ತುದಿಯಿಂದಲೇ ದಾರಿ ತೋರಿಸಿದ. ಗೌಂಡಿಗೆ ಎಂಬತ್ತರ ಹತ್ತಿರ ಇರಬೇಕು. ಮಗಳ ಮನೆಯ ಜಗಲಿಯ ಮೇಲೆ ಕುಳಿತು, ನಾಲ್ಕು ಇಟ್ಟಂಗಿಯಲ್ಲಿ ಕೋಳಿಗೂಡು ಕಟ್ಟುತ್ತಿದ್ದರು. ಅಷ್ಟಕ್ಕೂ ದಾರದ ತುದಿಯ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಕೋಳಿ ಪಕ್ಕದಲ್ಲಿ ಕಾಯುತ್ತಿತ್ತು.

ನಾನು ಯಾರು, ಯಾವ ಮನೆ ಎಂದು ಹೇಳಿದೊಡನೆ ಅವರು ಕೇಳಿದ ಮೊದಲ ಮಾತು, "ಗ್ವಾಡಿ ಹೆಂಗೈತ್ರಿ?" ದೂರದೂರಿಗೆ ಕೊಟ್ಟ ಮಗಳ ಆರೋಗ್ಯ ಕೇಳಿದ ಹಾಗೆ.

"ಗ್ವಾಡಿಗೆ ಆರಾಮಿಲ್ರಿ ಅಜ್ಜಾರ. ಅದಕ್ಕ ಬಂದೀನಿ."

ಕಾಗದ ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಹರಡಿ, ಸಿಮೆಂಟು ಮೆತ್ತಿದ ಬೆರಳನ್ನು ಸಾಮಾನಿನ ಖೋಲಿಯ ಮೇಲೆ ಇಟ್ಟರು. "ಇಲ್ಲೇ ಹಸಿ ಬಂದೈತಿ, ಹೌದಲ್ರಿ?"

"ಹೌದು. ನಿಮಗ ಹೆಂಗ ಗೊತ್ತಾತು?"

"ಬರದೇನಲ್ರಿ. ಹೌದ ಖಾಲಿ ಐತಿ."

"ಖಾಲಿ ಇದ್ದರ ಹಸಿ ಯಾಕ ಬರತೈತಿ?"

"ಖಾಲಿ ಇದ್ದದ್ದಕ್ಕ ಬರತೈತ್ರಿ. ಮ್ಯಾಲಿದ್ದರ ಯಾಕ ಬರತಿತ್ತು?"

ನಾವಿಬ್ಬರೂ ಒಬ್ಬರನ್ನೊಬ್ಬರು ಕರುಣೆಯಿಂದ ನೋಡಿದೆವು. ಇವರಿಗೆ ವಯಸ್ಸಾಯಿತು ಎಂದು ನಾನು ಅಂದುಕೊಂಡೆ. ಅವರೂ ಅದನ್ನೇ ಅಂದುಕೊಂಡಿದ್ದರು ಎಂದು ಮುಖ ಹೇಳುತ್ತಿತ್ತು.

"ಅಜ್ಜಾರ, ಹೌದ ನಾನು ನೋಡೀನಿ. ಅದರಾಗ ನೀರಿಲ್ಲ. ಸೈಕಲ್ ಐತಿ."

"ಹಿತ್ತಲದಾಗಿಂದು ದನಕ್ಕ ಕಟ್ಟಿದ್ದು ರೀ. ಇದು ಬ್ಯಾರೆ. ಖೋಲಿ ಖಾಲಿ. ಖಾಲಿ ಅಂದ್ರ..." ಅವರು ಕೋಳಿಗೂಡಿನ ತಳವನ್ನು ಕರಣೆಯಿಂದ ಎರಡು ಸಲ ಬಡಿದರು. "ತಳಗ."

ಆಗ ನನಗೆ ಬೆಳಕಾಯಿತು. ಆ ಬೆಳಕಿನಲ್ಲಿ ಕಂಡ ಮೊದಲ ವಸ್ತು ನಾನೇ ಆಗಿದ್ದೆ.

ಕನ್ನಡದಲ್ಲಿ ಖಾಲಿ ಎಂದರೆ ಏನೂ ಇಲ್ಲದ್ದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ದಿನಕ್ಕೆ ಹತ್ತು ಸಲ "ಖಾಲಿ ಬಸಾ" ಎಂದು ಕೇಳಿ ಕೆಳಗೆ ಕುಳಿತವನು ನಾನು. ಆದರೆ ಕಾಗದ ಪೂರ್ತಿ ಕನ್ನಡದಲ್ಲಿತ್ತು. ಪಡಸಾಲಿ, ಅಡಗಿ ಮನಿ, ಹಿತ್ತಲ, ಎಲ್ಲ ಶಬ್ದಗಳೂ ಸಾಲಾಗಿ ಕನ್ನಡದಲ್ಲಿ ನಿಂತಿರುವಾಗ ಒಂದು ಶಬ್ದ ಮಾತ್ರ ಕನ್ನಡದ ಅಂಗಿ ತೊಟ್ಟು ಗಡಿಯಾಚೆಯಿಂದ ಬಂದು ನಡುವೆ ಕುಳಿತರೆ ಯಾವ ಶಿರಸ್ತೇದಾರ ಗುರುತು ಹಿಡಿದಾನು?

"ಕನ್ನಡದಾಗ ಬರದು ಮರಾಠಿ ಶಬ್ದಾ ಯಾಕ ಹಾಕಿದ್ರಿ?" ಎಂದು ಸ್ವಲ್ಪ ಆಕ್ಷೇಪದ ದನಿಯಲ್ಲೇ ಕೇಳಿದೆ.

"ಅಕ್ಷರಾ ಕನ್ನಡ ಸಾಲ್ಯಾಗ ಕಲತೇನ್ರಿ. ಮಾತು ಅವ್ವನ ಹತ್ರ ಕಲತೇನಿ. ಬರಿಯೂ ಮುಂದ ಎರಡೂ ಕೂಡಿ ಬರತಾವ."

ನಾನು ನನ್ನ ಷರಾ ಹೊಡೆದುಹಾಕಿದೆ.

ಮುಂದೆ ಅವರು ಹೇಳಿದ್ದು ಇಷ್ಟು. ಆ ಕಾಲದಲ್ಲಿ ಓಣಿಗೆ ನಳ ಬಂದಿರಲಿಲ್ಲ. ಮಾಳಿಗೆಯ ಮಳೆನೀರು ಹಿಂದಿನ ಪೈಪಿನಿಂದ ಇಳಿದು ಖೋಲಿಯ ನೆಲದ ಕೆಳಗಿನ ಹೌದ ಸೇರುತ್ತಿತ್ತು. ಬೇಸಿಗೆಯಲ್ಲಿ ಫರಸಿ ಎತ್ತಿ ಸೇದಿಕೊಳ್ಳುತ್ತಿದ್ದರು. ಹೌದ ತುಂಬಿದರೆ ಹೆಚ್ಚಾದ ನೀರು ಮಣ್ಣಿನ ಪೈಪಿನಲ್ಲಿ ಮನೆಯ ಮುಂದಿನ ಗಟಾರಕ್ಕೆ ಹೋಗುತ್ತಿತ್ತು. ಆ ಪೈಪು ಇರುವವರೆಗೆ ಗೋಡೆಗೆ ಹಸಿ ಬರುವ ಮಾತೇ ಇಲ್ಲ.

"ಮುಂದಿನ ಕಟ್ಟಿ ಬುಡದಾಗ ಪೈಪಿನ ಬಾಯಿ ಇರಬೇಕಲ್ರಿ? ಇಷ್ಟ ಅಗಲ?"

ನಾನು ಕೋಳಿಯ ಕಡೆ ನೋಡಿದೆ.

"ಇತ್ತು," ಎಂದೆ.

"ಇತ್ತು ಅಂದ್ರ?"

"ಬ್ಯಾಸಗ್ಯಾಗ ಮುಚ್ಚಿಸೀನಿ."

"ಯಾರು ಮುಚ್ಚಿದ್ರು?"

"ನಾನ. ಸಿಮೆಂಟ್ ಹಾಕಿ."

"ಯಾಕ್ರಿ?"

"ಹೆಗ್ಗಣ."

ಗೌಂಡಿ ಕರಣೆ ಕೆಳಗಿಟ್ಟರು. ಒಳಗಿಂದ ಮಗಳು ಚಹಾ ತಂದಳು. ಅವರು ಅವಳಿಗೆ ಮರಾಠಿಯಲ್ಲಿ, "ಸಾಹೇಬರಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಹಾಕು," ಎಂದರು. ಅದು ನನಗೆ ತಪ್ಪಿಲ್ಲದೆ ಅರ್ಥವಾಯಿತು.

ವಾಪಸು ಬರುವ ಬಸ್ಸಿನಲ್ಲಿ ಏಪ್ರಿಲ್ ತಿಂಗಳ ಆ ಬೆಳಿಗ್ಗೆ ನೆನಪಾಯಿತು. ಕಟ್ಟೆಯ ಬುಡದ ತೂತಿನೊಳಗೆ ಹೆಗ್ಗಣವೊಂದು ರಾಜಠೀವಿಯಿಂದ ಹೋದದ್ದನ್ನು ನಾನು ಕಂಡಿದ್ದೆ. ಸಿಮೆಂಟು ಕಲಸಿ ನಾನೇ ತುಂಬಿ, ನುಣ್ಣಗೆ ಸವರಿದ್ದೆ. ಪಕ್ಕದಲ್ಲಿ ಚಹಾ ಹಿಡಿದು ನಿಂತಿದ್ದ ದಾದಾ, "ಸಾಹೇಬ್ರ, ಅದು ಎಲ್ಲಿಗೆ ಹೋಗತೈತಿ ನೋಡಿ ಮುಚ್ಚರಿ," ಎಂದಿದ್ದರು. "ಹೆಗ್ಗಣ ಎಲ್ಲಿಗೆ ಹೋದರ ನಮಗೇನ್ರಿ ದಾದಾ?" ಎಂದಿದ್ದೆ. ಮಾಳಿಗೆಯ ನೀರು ಹಿಂದೆ ನೆಲದೊಳಗೆ ಹೋಗುತ್ತದೆ, ಮಳೆಗಾಲದಲ್ಲಿ ಮುಂದೆ ತೂತಿನಿಂದ ನೀರು ಬರುತ್ತದೆ; ಹನ್ನೊಂದು ವರ್ಷ ಎರಡನ್ನೂ ಕಂಡಿದ್ದೆ. ನಡುವೆ ಅದು ಎಲ್ಲಿ ತಂಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಫಿರ್ಯಾದಿಯೇ ಆರೋಪಿ ಎಂದು ತೀರ್ಪಾದ ಮೇಲೆ ಉಳಿದದ್ದು ಒಂದೇ ಕೆಲಸ. ಮರುದಿನ ಏಳಕ್ಕೆ ದಾದಾ ಟವೆಲ್, ಬಕೇಟು, ತಂಬಿಗೆ ಸಮೇತ ಬಂದಾಗ ನಾನು ಪೇಪರಿನ ಹಿಂದೆ ಇರಲಿಲ್ಲ. ಪಡಸಾಲೆಯ ನಡುವೆ ಕಾಗದ ಹಿಡಿದು ನಿಂತಿದ್ದೆ.

"ದಾದಾ, ಒಂದು ಕಾಗದಾ ಓದಬೇಕಾಗಿತ್ತು."

"ಮತ್ತೊಂದು ನೋಟೀಸೇನು?"

"ಅಲ್ಲ. ಓದ್ರಿ."

ಅವರು ಕನ್ನಡ ಅಕ್ಷರಗಳನ್ನು ಕೂಡಿಸಿ ಓದುವವರು. ಬೆರಳಿಟ್ಟು ಪಡಸಾಲಿ ದಾಟಿದರು, ಅಡಗಿ ಮನಿ ದಾಟಿದರು, ಖೋಲಿಗೆ ಬಂದರು. ನಿಂತರು. ತಲೆ ಎತ್ತದೆ ಹೇಳಿದರು: "ಇಲ್ಲಿ ತಳಗ ಹೌದ ಐತಲ್ಲ."

ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಇಡೀ ತಾಲೂಕು ದಾಟಿ ಹೋಗಿ ತಿಳಿದು ಬಂದದ್ದನ್ನು ನನ್ನ ಗೋಡೆಯಾಚೆಯ ಮನುಷ್ಯ ಹೆಗಲ ಮೇಲಿನ ಟವೆಲ್ ತೆಗೆಯದೆ ಓದಿದ್ದರು.

ಉಳಿದದ್ದನ್ನೆಲ್ಲ ಹೇಳಿದೆ. ಗೌಂಡಿ, ಪೈಪು, ಸಿಮೆಂಟು, ಹೆಗ್ಗಣ. ಹೆಗ್ಗಣದ ಹತ್ತಿರ ದನಿ ಸ್ವಲ್ಪ ಸಣ್ಣದಾಯಿತು. ಕೊನೆಗೆ, ಕಲಮುಗಳನ್ನು ಬಿಟ್ಟು, ಬಾಯಿಂದಲೇ ಹೇಳಿದೆ: "ತಪ್ಪು ನಂದ ದಾದಾ. ನಿಮ್ಮ ಬಚ್ಚಲಾ ಸುಮ್ಮನ ಒಡಿಸಿಬಿಟ್ಟೆ."

ದಾದಾ ಬಕೇಟನ್ನು ಕೆಳಗಿಟ್ಟು ಅದರ ಮೇಲೆ ತಂಬಿಗೆ ಇಟ್ಟರು. "ಸಾಹೇಬ್ರ, ಒಂದು ಕೇಳತೇನಿ. ನಿಮ್ಮ ಕೋರ್ಟಿನ್ಯಾಗ ದಾಖಲೆ ಆರೋಪಿಗೆ ತೋರಿಸೂ ಪದ್ಧತಿ ಇಲ್ಲೇನು?"

"ಐತಿ."

"ಮತ್ತ?"

"ಮರತೆ."

ಒಳಗಿನಿಂದ ನನ್ನ ಹೆಂಡತಿಯ ನಗು ಕೇಳಿತು. ಆಮೇಲೆ ಹಿತ್ತಲ ಬಾಗಿಲಿನಿಂದ ಇನ್ನೊಬ್ಬ ವೈನಿಯದು. ಇಬ್ಬರೂ ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ ಗೊತ್ತಿಲ್ಲ. ದಾದಾ ಬಹಳ ಕಷ್ಟಪಟ್ಟು ತಡೆದುಕೊಂಡಿದ್ದರು; ನಗು ಮೊದಲು ಹೊಟ್ಟೆಗೆ ಬಂತು, ಬಾಯಿಗೆ ಬರುವುದು ತಡವಾಯಿತು.

ಸ್ನಾನ ಮುಂದೆ ಹೋಯಿತು. ದಾದಾ ತಮ್ಮ ಸುತ್ತಿಗೆ ಉಳಿ ತಂದು ಕಟ್ಟೆಯ ಬುಡದಲ್ಲಿ ಕುಳಿತರು. ನಾನು ಛತ್ರಿ ಹಿಡಿದೆ. "ಸಿಮೆಂಟ್ ಮಾತ್ರ ಭಾಳ ಛಲೋ ಹಾಕೀರಿ," ಎಂದರು ಹತ್ತನೆಯ ಪೆಟ್ಟಿಗೆ. ಇಪ್ಪತ್ತನೆಯ ಪೆಟ್ಟಿಗೆ ಬಿರಡೆ ಸಡಿಲಾಯಿತು, ಮತ್ತು ಒಂದು ತಿಂಗಳ ಮಳೆ ಒಮ್ಮೆಲೇ ಹೊರಗೆ ಹಾರಿ ದಾದಾ ಅವರ ಎದೆಯಿಂದ ಕಾಲಿನವರೆಗೆ ತೋಯಿಸಿತು.

"ವೈನಿ," ಎಂದು ಅವರು ಕುಳಿತಲ್ಲಿಂದಲೇ ಕೂಗಿದರು, "ಇವತ್ತಿಂದು ಸ್ನಾನ ಇಲ್ಲೇ ಆತು. ಬರಕೋಳಾಕ ಹೇಳ್ರಿ."

ಸಾಮಾನಿನ ಖೋಲಿಯ ಮೂಲೆಯಲ್ಲಿ ಟ್ರಂಕಿನ ಕೆಳಗೆ ಒಂದು ಫರಸಿ ಮೊದಲಿನಿಂದಲೂ ಅಲ್ಲಾಡುತ್ತಿತ್ತು. ಅಲ್ಲಾಡದಿರಲೆಂದು ನಾನು ಕಾಗದ ಮಡಿಸಿ ಸಂದಿಗೆ ಸಿಗಿಸಿದ್ದೆ. ಆ ಫರಸಿ ಎತ್ತಿದಾಗ ಕೆಳಗೆ ಹೌದ ಕಪ್ಪಗೆ, ಶಾಂತವಾಗಿ ಕಂಡಿತು. ಪೈಪಿನ ಬಾಯಿಗೆ ದಾದಾ ಕಬ್ಬಿಣದ ಜಾಳಿಗೆ ಮಾಡಿ ಹಾಕಿದರು. ನೀರು ಹೊರಗೆ ಹೋಗುತ್ತದೆ, ಹೆಗ್ಗಣ ಒಳಗೆ ಬರುವುದಿಲ್ಲ. ಅವರ ಬಚ್ಚಲಿನ ಫರಸಿ ಜೋಡಿಸುವಾಗ ನಾನು ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಎತ್ತಿ ಕೊಟ್ಟೆ. ಎರಡು ಸಲ ತಲೆಕೆಳಗಾಗಿ ಕೊಟ್ಟೆ.

ಕಲೆ ಈಗ ಹಿಂದೆ ಸರಿಯುತ್ತಿದೆ. ದಿನವೂ ಒಳಗಿನ ಗೆರೆ ನಾನು ಎಳೆಯುತ್ತೇನೆ, ಪಕ್ಕದಲ್ಲಿ ದಾದಾ ಮರಾಠಿಯಲ್ಲಿ ಸಹಿ ಹಾಕುತ್ತಾರೆ. ಸುಣ್ಣ ಹಚ್ಚಲು ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾಳೆ ಹೆಂಡತಿ.

ಚಹಾ ಮತ್ತೆ ಶುರುವಾದ ಮೊದಲ ದಿನ ನಮ್ಮ ಮನೆಯ ಪಾಳಿ. ಮಾತು ಹದಿನೈದು ದಿನದ್ದು ಬಾಕಿ ಇತ್ತು, ಚಹಾ ಬೇಗ ಮುಗಿಯಿತು. ನಾನು ಒಳಗೆ ಕೂಗಿ ಹೇಳಿದೆ: "ಏನ, ದಾದಾರ ಕಪ್ಪು ಖಾಲಿ ಐತಿ ನೋಡ."

ದಾದಾ ತಮ್ಮ ಕೈಯಲ್ಲಿದ್ದ ಕಪ್ಪನ್ನು ಬೆನ್ನ ಹಿಂದೆ ಅಡಗಿಸಿ, ಗಂಭೀರವಾಗಿ ಬಗ್ಗಿ, ಕಟ್ಟೆಯ ಕೆಳಗೆ ಹುಡುಕತೊಡಗಿದರು.